ನೂರರ ಸ್ಪೀಡೂ ಚಿಮ್ಮನಚೋಡದ ಯರಿ ಹೊಲವೂ

ಹಾಸ್ಟೆಲ್‌ನಲ್ಲಿ ಒಂದು ತಿಂಗಳಿಂದ ಒಂದೇ ಜಗಳ. ರಾತ್ರಿ ಮೆಸ್ಸಿನಿಂದ ಬಂದವರು ಯಾರಾದರೂ ಫೋನಿನಲ್ಲಿ ಎಟಿವಿ ರೇಸಿನ ವಿಡಿಯೋ ಹಚ್ತಾರೆ. ಒಂದು ಕಡೆ ಪೊಲಾರಿಸ್ ಸ್ಪೋರ್ಟ್ಸ್‌ಮನ್ ಎಕ್ಸ್‌ಪಿ 1000, ಇನ್ನೊಂದು ಕಡೆ ಕ್ಯಾನ್-ಆಮ್ ಔಟ್‌ಲ್ಯಾಂಡರ್ 1000, ನಡುವೆ ಪಾಪದ ಯಮಾಹಾ ಗ್ರಿಜ್ಲಿ 700. ಯಾವುದು ಮೊದಲು ಗೆರೆ ದಾಟುತ್ತೆ ಅಂತ ಮ್ಯಾಗಿ ಪಂದ್ಯ. ಗಂಟೆಗೆ ನೂರು ಕಿಲೋಮೀಟರ್ ದಾಟಿದ ಕೂಡಲೇ ಕಾರಿಡಾರ್ ಪೂರ್ತಿ ಕೇಕೆ. ವಾರ್ಡನ್ ಎರಡು ಸಲ ಬಂದು ಬೈದು ಹೋಗಿದ್ದಾರೆ.

ಇದು ಬರೀ ಟೈಮ್‌ಪಾಸ್ ಆಗಿದ್ರೆ ನಾವು ಬರೆಯೋಕೆ ಕೂರ್ತಿರಲಿಲ್ಲ. ಆದರೆ ಇದೇ ಜಗಳ ಈಗ ನಮ್ಮ ವರ್ಕ್‌ಶಾಪಿನ ಶೆಡ್ಡಿಗೆ ಬಂದು ಕೂತಿದೆ. ಕಾಲೇಜಿನ ಬಾಹಾ ತಂಡ (ನಾವೆಲ್ಲ ಬಾಜಾ ಅಂತಲೇ ಅನ್ನೋದು) ಈ ತಿಂಗಳ ಕೊನೆಗೆ ಗಾಡಿಯ ಗೇರ್ ರೇಷಿಯೋ ಫ್ರೀಜ್ ಮಾಡಬೇಕು. ಒಮ್ಮೆ ಗೇರು ಕತ್ತರಿಸೋಕೆ ಕೊಟ್ಟರೆ ಮುಗೀತು, ಇನ್ನೊಂದು ಸೆಟ್ ಮಾಡಿಸೋ ದುಡ್ಡು ತಂಡದ ಹತ್ತಿರ ಇಲ್ಲ. ಬೋರ್ಡಿನ ಮೇಲೆ ಎರಡು ನಂಬರ್ ಇವೆ: 7.5 ಮತ್ತು 10.5. ಮೊದಲನೇದು ಸ್ಪೀಡಿನವರದ್ದು. ಎರಡನೇದು ನಮ್ಮದು. ನಾವು ಅಂದ್ರೆ ಕ್ಲಬ್ಬಿನ ನಾಲ್ಕು ಜನ, ಇಬ್ಬರು ಮೆಕ್ಯಾನಿಕಲ್, ಒಬ್ಬಳು ಸಿವಿಲ್, ಒಬ್ಬ ಇ ಅಂಡ್ ಸಿ. ಇ ಅಂಡ್ ಸಿಯವನಿಗೆ ಗೇರಿನ ಗಂಧ ಇಲ್ಲ, ಆದರೆ ಅವನ ಊರು ಚಿಂಚೋಳಿ ತಾಲೂಕಿನ ಚಿಮ್ಮನಚೋಡ. ನಮ್ಮ ಅಭಿಪ್ರಾಯ ಬದಲಾಗಿದ್ದು ಅಲ್ಲೇ.

ಕಳೆದ ಆಗಸ್ಟಿನಲ್ಲಿ ಅವನ ಜೊತೆ ಊರಿಗೆ ಹೋಗಿದ್ವಿ. ಹೆಸರು ಬಿಡಿಸುವ ಹೊತ್ತು, ಮೇಲೆ ಬಿಡದೆ ಮಳೆ. ಆ ಸೀಮೆ ನೋಡದವರಿಗೆ ಒಂದು ಮಾತು: ಚಿಂಚೋಳಿ ಕಡೆ ಗುಡ್ಡದ ಮಗ್ಗುಲಿಗೆ ಕೆಂಪು ಮಣ್ಣು ಇದ್ದರೂ ತೊಗರಿ ಬೆಳೆಯೋ ಬಯಲು ಬಹುಪಾಲು ಯರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಆ ತೊಗರಿಯ ರುಚಿಗೂ ಈ ಕಪ್ಪು ಮಣ್ಣಿಗೂ ನಂಟಿದೆ ಅಂತ ಊರವರು ಎದೆ ತಟ್ಟಿ ಹೇಳ್ತಾರೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು ಕಲ್ಲಿನ ಹಾಗೆ ಇರುತ್ತೆ, ಅದರ ಮೇಲೆ ಲಾರಿ ಓಡಿಸಬಹುದು. ಎರಡು ದಿನ ಮಳೆ ಬಿದ್ದರೆ ಚಪ್ಪಲಿ ಕಾಲಿನಿಂದ ಕಿತ್ತು ನೆಲದಲ್ಲೇ ಉಳಿಯುತ್ತೆ. ಸಿವಿಲ್‌ನವಳು ಮಾತ್ರ ಖುಷಿಯಾಗಿದ್ದಳು. ಜಿಯೋಟೆಕ್ ಲ್ಯಾಬಿನಲ್ಲಿ ಡಬ್ಬದಲ್ಲಿ ನೋಡಿದ್ದ ಬ್ಲ್ಯಾಕ್ ಕಾಟನ್ ಸಾಯಿಲ್ ಈಗ ಮೊಣಕಾಲಿನವರೆಗೆ ಹತ್ತಿತ್ತು. ಮಾಂಟ್‌ಮೊರಿಲೊನೈಟ್ ಅಂತ ಒಂದು ಜೇಡಿ ಖನಿಜ, ಪದರ ಪದರದ ನಡುವೆ ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ ಅಂತ ನಡೆಯುತ್ತಲೇ ಪಾಠ ಶುರು ಮಾಡಿದಳು. ನಮ್ಮ ಗೆಳೆಯನ ಕಾಕಾ ಹಿಂತಿರುಗಿ ನೋಡಿ, "ಹೆಸರು ಏನರೇ ಇರ್ಲಿ ತಂಗಿ, ಕಾಲು ನೋಡ್ಕೊಂಡು ಇಡು" ಅಂದರು.

ಕಾಕಾಗೆ ನಮ್ಮ ಗಾಡಿಯ ಕಥೆ ಹೇಳಿದ್ವಿ. ನೂರರ ಮೇಲೆ ಓಡೋ ಎಟಿವಿಗಳ ವಿಡಿಯೋನೂ ತೋರಿಸಿದ್ವಿ. ಪೂರ್ತಿ ನೋಡಿ ಫೋನ್ ವಾಪಸ್ ಕೊಟ್ಟರು.

"ಅಲ್ರೆಪಾ, ನೂರರ ಸ್ಪೀಡ್ ತಗೊಂಡು ಎಲ್ಲಿಗಿ ಹೋಗ್ತೀರಿ? ನಮ್ಮ ಹೊಲದಾಗ ನೂರು ಹೆಜ್ಜಿ ಸೀದಾ ಇಟ್ರ ಸಾಕಾಗ್ಯದ."

ನಕ್ಕೆವು. ಆಮೇಲೆ ಅವರು ಹೇಳಿದ್ದಕ್ಕೆ ನಗು ಬರಲಿಲ್ಲ. ಹಿಂದಿನ ವರ್ಷ ಇಂಥದೇ ಮಳೆಯಲ್ಲಿ ಹೊಲದಲ್ಲಿ ಅವರಿಗೆ ಹಾವು ಕಡಿದಿತ್ತು. ಹೊಲದಿಂದ ಡಾಂಬರು ರಸ್ತೆಗೆ ಹೆಚ್ಚೆಂದರೆ ಎರಡು ಕಿಲೋಮೀಟರ್. ಬೈಕ್ ತಂದವನ ಚಕ್ರ ಮಡ್‌ಗಾರ್ಡಿಗೆ ಕೆಸರು ತುಂಬಿ ತಿರುಗದೆ ನಿಂತಿತು. ಟ್ರ್ಯಾಕ್ಟರ್ ತರಲು ಹೋದವರು ಅದನ್ನೂ ಅಚ್ಚಿನವರೆಗೆ ಹೂತು ಬಂದರು. ಕೊನೆಗೆ ಎತ್ತಿನ ಬಂಡಿ. ರಸ್ತೆಗೆ ಬರೋ ಹೊತ್ತಿಗೆ ಮುಕ್ಕಾಲು ಗಂಟೆ ಮೇಲಾಗಿತ್ತು. ಅಲ್ಲಿಂದ ಚಿಂಚೋಳಿಗೆ ಗಾಡಿ ಸಿಕ್ಕಿತು, ಔಷಧ ಸಿಕ್ಕಿತು, ಕಾಕಾ ಉಳಿದರು. ಬಲಗಾಲು ಈಗಲೂ ಸ್ವಲ್ಪ ಎಳೀತದೆ ಅಂತ ತೋರಿಸಿದರು.

ರಾತ್ರಿ ಮಲಗೋ ಮುಂಚೆ ನಾವು ಮಾಡಿದ ಲೆಕ್ಕ ಏಳನೇ ಕ್ಲಾಸಿನ ಲೆಕ್ಕ. ರಸ್ತೆ ಮೇಲೆ 15 ಕಿಲೋಮೀಟರ್ ಹೋಗಬೇಕು ಅಂತಿಟ್ಟುಕೊಳ್ಳಿ. ಗಂಟೆಗೆ 50ರಲ್ಲಿ ಹೋದರೆ 18 ನಿಮಿಷ. ಸ್ಪೀಡ್ ಡಬಲ್ ಮಾಡಿ 100ರಲ್ಲಿ ಹೋದರೆ 9 ನಿಮಿಷ. ಪ್ರಾಣ ಒತ್ತೆ ಇಟ್ಟು ಉಳಿಸಿದ್ದು 9 ನಿಮಿಷ. ಈಗ ಕೆಸರಿನ 2 ಕಿಲೋಮೀಟರ್. ಗಂಟೆಗೆ ಎರಡೂವರೆಯಲ್ಲಿ ಹೋದರೆ 48 ನಿಮಿಷ. ಬರೀ 10ರಲ್ಲಿ ಹೋಗುವಂಥ ಗಾಡಿ ಇದ್ದರೆ 12 ನಿಮಿಷ. ಉಳಿದಿದ್ದು 36. ವೇಗ ಬೇಡ ಅಂತ ನಾವು ಹೇಳ್ತಿಲ್ಲ ನೋಡಿ. ವೇಗ ಎಲ್ಲಿ ಬೇಕು ಅನ್ನೋದೇ ತಕರಾರು. ನೂರಕ್ಕೂ ನೂರಹತ್ತಕ್ಕೂ ಇರೋ ವ್ಯತ್ಯಾಸದ ಮೇಲೆ ಒಂದು ತಿಂಗಳು ಜಗಳ ಆಡಿದ ನಾವು, ಸೊನ್ನೆಗೂ ಹತ್ತಕ್ಕೂ ಇರೋ ವ್ಯತ್ಯಾಸವನ್ನ ಒಂದು ದಿನವೂ ಲೆಕ್ಕ ಹಾಕಿರಲಿಲ್ಲ.

ಹಾಗಾದ್ರೆ ಆ ಹತ್ತು ಎಲ್ಲಿಂದ ಬರುತ್ತೆ? ಸಿಸಿಯಿಂದ ಅಂತ ಹಾಸ್ಟೆಲ್ ಉತ್ತರ. ಅದು ತಪ್ಪು ಅಂತ ಎಟಿವಿಯ ಇತಿಹಾಸವೇ ಹೇಳುತ್ತೆ. ಹೋಂಡಾ 1970ರಲ್ಲಿ ಅಮೆರಿಕಕ್ಕೆ ಕೊಟ್ಟ ಯುಎಸ್90 ಅನ್ನೋ ಮೂರು ಚಕ್ರದ ಗಾಡಿಯ ಎಂಜಿನ್ 89 ಸಿಸಿ, ಶಕ್ತಿ 7 ಎಚ್‌ಪಿ. ನಮ್ಮ ಹಾಸ್ಟೆಲ್ ಮುಂದೆ ನಿಂತಿರೋ ಸ್ಕೂಟಿಗಳ ಸಾಲಿಗೆ ಸೇರೋ ಎಂಜಿನ್. ಅದರ ಜಾಣ್ಮೆ ಪೂರ್ತಿ ಇದ್ದದ್ದು 22 ಇಂಚಿನ ಬಲೂನ್ ಟೈರಿನಲ್ಲಿ. ಅದರೊಳಗಿನ ಗಾಳಿ 2 ಪಿಎಸ್‌ಐ ಆಸುಪಾಸು, ಅಂದ್ರೆ ಬಾಯಲ್ಲಿ ಊದಿದ ಹಾಗೆ. ಹಿಮ, ಮರಳು, ಕೆಸರು ಅನ್ನದೆ ಓಡಿತು. ಮಾರನೇ ವರ್ಷವೇ ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಬಂತು, 'ಡೈಮಂಡ್ಸ್ ಆರ್ ಫಾರೆವರ್' ನೋಡಿದವರಿಗೆ ನೆನಪಿರಬಹುದು.

ಗಾಳಿಯ ವಿಷಯ ಯಾಕೆ ಮುಖ್ಯ ಅಂದ್ರೆ, ಮೆತ್ತನೆಯ ಟೈರು ನೆಲದ ಮೇಲೆ ಹಾಕೋ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. ದೊಡ್ಡ ಯುಟಿಲಿಟಿ ಎಟಿವಿಗಳ ಟೈರಿಗೆ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ ಹಾಕ್ತಾರೆ. ಬೈಕಿನ ಟೈರಿಗೆ 30ರ ಆಸುಪಾಸು. ಈಗ ನಿಮ್ಮ ಕಾಲನ್ನೇ ತಗೊಳ್ಳಿ. 70 ಕೆಜಿ ಮನುಷ್ಯ ನಡೆಯುವಾಗ ಒಂದು ಕಾಲಿನ ಮೇಲೆ ನಿಂತ ಹೊತ್ತಿನಲ್ಲಿ ಪಾದದ ಏರಿಯಾ 150 ಚದರ ಸೆಂಟಿಮೀಟರ್ ಅಂತ ಹಿಡಿದರೆ ಒತ್ತಡ ಆರೂವರೆ ಪಿಎಸ್‌ಐ ಬರುತ್ತೆ. ಅಂದ್ರೆ ನಾಲ್ಕು ಕ್ವಿಂಟಲ್ ತೂಗೋ ಎಟಿವಿಯೂ ಬರಿಗಾಲಿನ ಕಾಕಾನೂ ನೆಲಕ್ಕೆ ಒಂದೇ ಭಾರ! ಬೈಕು ಇಬ್ಬರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಒತ್ತುತ್ತೆ, ಅದಕ್ಕೇ ಅದು ಮೊದಲು ಹೂತಿದ್ದು. ಯಾವ ಹೊಲದಲ್ಲಿ ಎಟಿವಿ ಹೋಗುತ್ತೆ ಅಂತ ತಿಳಿಯೋಕೆ ದೊಡ್ಡ ಉಪಕರಣ ಬೇಡ, ಒಂದು ಕಾಲಿನ ಮೇಲೆ ನಿಂತು ನೋಡಿದರೆ ಅಂದಾಜು ಸಿಗುತ್ತೆ. ಇದನ್ನ ಚಿಮ್ಮನಚೋಡದಲ್ಲಿ ನಾಲ್ಕೂ ಜನ ಮಾಡಿ ನೋಡಿದ್ವಿ. ಇ ಅಂಡ್ ಸಿಯವನು ಬಿದ್ದ.

ಎತ್ತು? ಎತ್ತಿನ ಗೊರಸು ಸಣ್ಣದು, ತೂಕ ಜಾಸ್ತಿ, ಒತ್ತಡ ನಮ್ಮ ಪಾದಕ್ಕಿಂತ ಎಷ್ಟೋ ಪಟ್ಟು. ಹಾಗಾದ್ರೆ ಅದು ಹೂತು ಹೋಗಬೇಕಲ್ಲ? ಹೂಳುತ್ತೆ, ಆದರೆ ಕಾಲು ಎತ್ತಿ ಮುಂದೆ ಇಡುತ್ತೆ. ಚಕ್ರಕ್ಕೆ ಎತ್ತೋಕೆ ಬರೋದಿಲ್ಲ. ಚಕ್ರ ಒಂದು ಗೇಣು ಇಳಿದರೆ ತನ್ನ ಮುಂದಿರೋ ಮಣ್ಣಿನ ಗೋಡೆಯನ್ನ ಪ್ರತಿ ಕ್ಷಣವೂ ಹತ್ತುತ್ತಲೇ ಇರಬೇಕು. ಸಪಾಟು ಹೊಲದಲ್ಲಿ ನಿಂತೇ ಅದು ಸದಾ ದಿಣ್ಣೆ ಏರುತ್ತಿರುತ್ತೆ. ಇದನ್ನ ಮೊದಲು ಶಾಸ್ತ್ರದ ಹಾಗೆ ಬರೆದವರಲ್ಲಿ ಪೋಲೆಂಡಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಎಂ. ಜಿ. ಬೆಕ್ಕರ್ ದೊಡ್ಡ ಹೆಸರು. 1956ರಲ್ಲಿ 'ಥಿಯರಿ ಆಫ್ ಲ್ಯಾಂಡ್ ಲೋಕೋಮೋಶನ್' ಅನ್ನೋ ಪುಸ್ತಕ ತಂದರು. 1971ರಲ್ಲಿ ಅಪೋಲೊ 15ರ ಜೊತೆ ಚಂದ್ರನ ಮೇಲೆ ಓಡಿದ ರೋವರಿನ ಹಿಂದೆಯೂ ಅವರ ಕೆಲಸ ಇದೆ. ಚಂದ್ರನ ಧೂಳಿಗೆ ಲೆಕ್ಕ ಹಾಕಿದ ಮನುಷ್ಯನ ಸೂತ್ರಗಳು ಚಿಂಚೋಳಿ ಯರಿಗೂ ಆಗ್ತವೆ.

ಒಂದು ಸೂತ್ರ ಮಾತ್ರ ಇಲ್ಲಿ ಹೇಳ್ತೀವಿ, ಆಮೇಲೆ ಬಿಡ್ತೀವಿ. ನೆಲ ಕೊಡಬಲ್ಲ ಗರಿಷ್ಠ ಹಿಡಿತ ಅಂದ್ರೆ ಎರಡು ತುಂಡುಗಳ ಮೊತ್ತ. ಒಂದು, ಮಣ್ಣಿನ ಅಂಟು ಗುಣಿಸು ಟೈರು ತಾಗಿದ ಏರಿಯಾ. ಎರಡು, ಗಾಡಿಯ ತೂಕ ಗುಣಿಸು ಟ್ಯಾನ್ ಫೈ. ಫೈ ಅಂದ್ರೆ ಮಣ್ಣಿನ ಘರ್ಷಣ ಕೋನ. ಸಿವಿಲ್‌ನವರು ಇದನ್ನ ಕೂಲಂ ಹೆಸರಲ್ಲಿ ಬಾಯಿಪಾಠ ಮಾಡಿರ್ತಾರೆ. ಒಣ ಮರಳಿನಲ್ಲಿ ಅಂಟು ಇಲ್ಲ, ಫೈ ಸುಮಾರು 30 ಡಿಗ್ರಿ, ಹಾಗಾಗಿ ಎರಡನೇ ತುಂಡೇ ಎಲ್ಲ. ತೂಕ ಹೇರಿದಷ್ಟೂ ಹಿಡಿತ. ನೀರು ಕುಡಿದ ಯರಿಯಲ್ಲಿ ಉಲ್ಟಾ. ಮೇಲಿಂದ ಭಾರ ಬಿದ್ದರೆ ಒಳಗಿನ ನೀರೇ ಅದನ್ನ ಹೊರುತ್ತೆ, ಫೈ ಹೆಚ್ಚುಕಡಿಮೆ ಸೊನ್ನೆ. ಎರಡನೇ ತುಂಡು ಸತ್ತೇ ಹೋಗುತ್ತೆ. ಉಳಿಯೋದು ಅಂಟು ಮತ್ತು ಏರಿಯಾ. ಅದಕ್ಕೇ ಹೂತ ಟ್ರ್ಯಾಕ್ಟರಿನ ಮೇಲೆ ಇನ್ನೂ ನಾಲ್ಕು ಜನ ಹತ್ತಿ ಕೂತರೆ ಮರಳಿನಲ್ಲಾದರೆ ಉಪಯೋಗ ಆದೀತು, ಯರಿಯಲ್ಲಿ ಇನ್ನೊಂದು ಗೇಣು ಇಳಿಯುತ್ತೆ ಅಷ್ಟೇ. ನಾವು ಕಣ್ಣಾರೆ ಕಂಡಿದ್ದು ಇದನ್ನೇ. ಮೇಲೆ ಹತ್ತಿ ಕೂತವರಲ್ಲಿ ನಾವೂ ಇದ್ವಿ.

ಈ ಕಣ್ಣಿನಿಂದ ಹಾಸ್ಟೆಲ್ ವಿಡಿಯೋದ ಗಾಡಿಗಳನ್ನ ಮತ್ತೆ ನೋಡಿದರೆ ಪಟ್ಟಿ ತಿರುಗುಮುರುಗಾಗುತ್ತೆ. ಸಾವಿರ ಸಿಸಿಯ ಗಾಡಿಗಳು 400 ಕೆಜಿ ಆಸುಪಾಸು ತೂಗ್ತವೆ. ಐನೂರು ಚಿಲ್ಲರೆ ಸಿಸಿಯವು ಅದಕ್ಕಿಂತ ಹಲವು ಕಿಲೋ ಹಗುರ, ಆದರೆ ಟೈರಿನ ಅಳತೆಯಲ್ಲಿ ಅಂಥ ದೊಡ್ಡ ಫರಕು ಇರೋದಿಲ್ಲ. ಅಂದ್ರೆ ಅದೇ ಏರಿಯಾ, ಕಡಿಮೆ ತೂಕ. ರೇಸಿನಲ್ಲಿ ಸೋಲೋ ಗಾಡಿ ಒದ್ದೆ ಯರಿಯಲ್ಲಿ ಕಡಿಮೆ ಹೂಳುತ್ತೆ.

ಆಮೇಲೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೇಗೆ ಹೋಗುತ್ತೆ ಅನ್ನೋದು. ಇದನ್ನ ರೇಸಿನವರು ಕೇಳೋದೇ ಇಲ್ಲ. ಪೊಲಾರಿಸ್‌ನವರ ಆನ್-ಡಿಮಾಂಡ್ ಪದ್ಧತಿಯಲ್ಲಿ ಹಿಂದಿನ ಚಕ್ರ ಜಾರಿದ ಮೇಲೆ ಮುಂದಿನವು ತಾನಾಗಿ ಹಿಡೀತವೆ. ಕಾಡುದಾರಿಯಲ್ಲಿ ಅದು ಸೊಗಸು, ಸವಾರ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಸ್ಟೀರಿಂಗೂ ಹಗುರ. ಆದರೆ ಯರಿಯಲ್ಲಿ 'ಜಾರಿದ ಮೇಲೆ' ಅನ್ನೋ ಮಾತೇ ತುಟ್ಟಿ. ಮೊದಲ ಸುತ್ತು ಜಾರಿದಾಗಲೇ ಟೈರಿನ ಹಲ್ಲುಗಳ ಸಂದಿಯಲ್ಲಿ ಮಣ್ಣು ಮೆತ್ತಿ, ಚಕ್ರ ಅಂಡು ತಿಕ್ಕಿದ ಮಡಕೆ ಹಾಗೆ ನುಣ್ಣಗಾಗಿರುತ್ತೆ. ಕ್ಯಾನ್-ಆಮ್‌ನ ವಿಸ್ಕೊ-ಲಾಕ್ ಮುಂದಿನ ಎರಡು ಚಕ್ರಗಳ ನಡುವೆ ವ್ಯತ್ಯಾಸ ಕಂಡಾಗ ತಾನೇ ಲಾಕ್ ಆಗೋದು. ಗ್ರಿಜ್ಲಿಯಲ್ಲಿ ಬಟನ್ ಒತ್ತಿ ನಾವೇ ಮುಂದಿನ ಡಿಫರೆನ್ಷಿಯಲ್ ಲಾಕ್ ಮಾಡಬಹುದು. ನಮ್ಮ ಮಟ್ಟಿಗೆ, ಹೂಳೋ ಮುಂಚೆ ಬುದ್ಧಿ ಓಡಿಸೋಕೆ ಅವಕಾಶ ಕೊಡೋ ಗಾಡಿಯೇ ಮೇಲು. ಸ್ಪೀಡಿನಲ್ಲಿ ಮೂರನೇ ಬಂದಿದ್ದ ಪಾಪದ ಗ್ರಿಜ್ಲಿಗೆ ನಮ್ಮ ಮೊದಲ ವೋಟು.

ಬೆಲ್ಟಿನ ವಿಷಯಾನೂ ಇದೆ. ಇವುಗಳಲ್ಲಿ ಹೆಚ್ಚಿನವು ಸ್ಕೂಟಿಯ ಹಾಗೆ ಸಿವಿಟಿ ಬೆಲ್ಟಿನ ಮೇಲೆ ಓಡೋವು. ನಿಧಾನಕ್ಕೆ ಜೋರಾಗಿ ಎಳೆಯುವಾಗ ಹೈ ರೇಂಜಿನಲ್ಲೇ ಇಟ್ಟರೆ ಬೆಲ್ಟು ಜಾರಿ ಸುಟ್ಟುಕೊಳ್ಳುತ್ತೆ, ಲೋ ರೇಂಜಿಗೆ ಹಾಕಿ ಅಂತ ಮ್ಯಾನುಯಲ್‌ಗಳು ಬಾಯಿ ಬಡ್ಕೋತವೆ. ಒಳಗೆ ನೀರು ಹೋದರೂ ಬೆಲ್ಟು ಹಿಡಿಯೋದಿಲ್ಲ. ಚಿಮ್ಮನಚೋಡದಲ್ಲಿ ನೀರು ಸಣ್ಣ ಮಾತಲ್ಲ. ಊರು ಮುಲ್ಲಾಮಾರಿ ಹೊಳೆ ಸೀಮೆಯದ್ದು, ನಾಗರಾಳ ಜಲಾಶಯದ ಗೇಟು ತೆಗೆದರೆ ಕೆಳಗಿನ ತಗ್ಗು ಸೇತುವೆಗಳ ಮೇಲೆ ನೀರು ಬರುತ್ತೆ. ಹೋಂಡಾದವರು ಈ ಬೆಲ್ಟಿನ ಗೊಡವೆಗೇ ಹೋಗದೆ ತಮ್ಮ ಯುಟಿಲಿಟಿ ಎಟಿವಿಗಳಲ್ಲಿ ಗೇರುಗಳನ್ನೇ ಇಟ್ಟುಕೊಂಡು ಬಂದಿದ್ದಾರೆ. ವೇಗದ ಪಟ್ಟಿಯಲ್ಲಿ ಅವು ಯಾವತ್ತೂ ಮೇಲಿರೋದಿಲ್ಲ. ಹೊಲದವರ ಬಾಯಲ್ಲಿ ಇರ್ತವೆ. ಹಾಗಂತ ಹರಿಯೋ ನೀರಿಗೆ ಯಾವ ಎಟಿವಿಯನ್ನೂ ಇಳಿಸಬಾರದು. ಬಲೂನ್ ಟೈರು ಅಂದಮೇಲೆ ಅದು ತೇಲುತ್ತೆ ಕೂಡ, ತೇಲಿದ ಗಾಡಿಗೆ ಸ್ಟೀರಿಂಗ್ ಇಲ್ಲ.

ನಮ್ಮ ಶೆಡ್ಡಿಗೆ ಬರೋಣ. ಅಲ್ಲಿರೋದು ಬ್ರಿಗ್ಸ್ ಅಂಡ್ ಸ್ಟ್ರಾಟನ್ 305 ಸಿಸಿ ಎಂಜಿನ್, 10 ಎಚ್‌ಪಿ, ಟಾರ್ಕ್ ಸುಮಾರು 19 ನ್ಯೂಟನ್ ಮೀಟರ್, ಗವರ್ನರ್ 3800 ಆರ್‌ಪಿಎಂಗೆ ತಡೀತದೆ. ಗಾಡಿ, ಡ್ರೈವರ್, ಜೊತೆಗೆ ಒಂದು ಕ್ವಿಂಟಲ್ ಭಾರ, ಒಟ್ಟು 340 ಕೆಜಿ ಅಂತ ಹಿಡಿಯೋಣ. ಒಂದು ಕ್ವಿಂಟಲ್ ಅಂದ್ರೆ ಎರಡು ಚೀಲ ತೊಗರಿ. ಅಥವಾ ಕಾಲಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಮನುಷ್ಯ ಮತ್ತು ಅವನನ್ನ ಮಲಗಿಸೋ ಸ್ಟ್ರೆಚರ್. ಕೆಸರಿನಲ್ಲಿ ಉರುಳುವಿಕೆಯ ವಿರೋಧ ತೂಕದ 35 ಪರ್ಸೆಂಟ್ ಅಂತ ಇಟ್ಟುಕೊಂಡರೆ ಬೇಕಾದ ಬಲ 1170 ನ್ಯೂಟನ್ ಹತ್ತಿರ. ಸಿವಿಟಿಯ ಕೆಳಗಿನ ಅನುಪಾತ 3, ದಕ್ಷತೆ 80 ಪರ್ಸೆಂಟ್, ಚಕ್ರದ ತ್ರಿಜ್ಯ 29 ಸೆಂಟಿಮೀಟರ್ ಹಾಕಿ ನೋಡಿ. 7.5ರ ಗೇರಿಗೆ ಚಕ್ರದಲ್ಲಿ ಸಿಗೋದು 1180 ನ್ಯೂಟನ್. ಅಂದ್ರೆ ಸಪಾಟಿನಲ್ಲಿ ಉಸಿರು ಬಿಗಿ ಹಿಡಿದು ಹೋಗುತ್ತೆ, ಒಂದು ಬದು ಅಡ್ಡ ಬಂದರೆ ನಿಂತಿತು. 10.5ಕ್ಕೆ 1650. ಕೈಯಲ್ಲಿ ಇನ್ನೂ 480 ಉಳೀತದೆ, ಹಳ್ಳದ ದಂಡೆಯ ಎಂಟು ಡಿಗ್ರಿ ಏರು ಹತ್ತೋಕೆ ಸಾಕು. ಇದಕ್ಕೆ ನಾವು ಕಳೆದುಕೊಳ್ಳೋದು ಏನು? ಸಿವಿಟಿ 0.8ಕ್ಕೆ ಬಂದಾಗ 7.5ರದ್ದು ಕಾಗದದ ಮೇಲೆ ಗಂಟೆಗೆ 69 ಕಿಲೋಮೀಟರ್, 10.5ರದ್ದು 49. ಇಪ್ಪತ್ತು ಕಿಲೋಮೀಟರ್ ವೇಗ. ಅದೂ ಕಾಗದದ ಮೇಲೆ, ಯಾಕಂದ್ರೆ 10 ಎಚ್‌ಪಿಗೆ ಗಾಳಿ ಸೀಳಿಕೊಂಡು ಆ 69 ಮುಟ್ಟೋದು ಅನುಮಾನವೇ.

ಸ್ಪೀಡಿನ ಬಣದವರು ದಡ್ಡರಲ್ಲ, ಅವರ ಮಾತಲ್ಲೂ ತಿರುಳಿದೆ. ಒಂದನೇದು, ಕೆಸರಿನಲ್ಲಿ ಚಕ್ರ ಜೋರಾಗಿ ತಿರುಗಿದರೆ ಹಲ್ಲುಗಳ ನಡುವಿನ ಮಣ್ಣು ಸಿಡಿದು ಹೋಗಿ ಟೈರು ತಾನೇ ಸ್ವಚ್ಛ ಆಗುತ್ತೆ ಅಂತಾರೆ. ನಿಜ. ಮಡ್ ಟೈರ್ ಕೆಲಸ ಮಾಡೋದೇ ಹಾಗೆ. ಕೆಳಗೆ ಗಟ್ಟಿ ನೆಲ ಇದ್ದು ಮೇಲೆ ತೆಳು ರಾಡಿ ಇದ್ದರೆ ಈ ಉಪಾಯ ನಡೆಯುತ್ತೆ, ಕೆಂಪು ಮಣ್ಣಿನ ಕಡೆ ನಡೆದೀತು. ಯರಿಗೆ ತಳ ಎಲ್ಲಿ ಸಿಗುತ್ತೆ? ತಿರುಗಿಸಿದಷ್ಟೂ ಅದು ಬಾವಿ ತೋಡುತ್ತೆ. ಅಲ್ಲದೆ ಮಣ್ಣು ಸಿಡಿಯೋಕೆ ಬೇಕಾದ ಚಕ್ರದ ವೇಗ 10.5ರಲ್ಲೂ ಧಾರಾಳವಾಗಿ ಸಿಗುತ್ತೆ, ಅದಕ್ಕೆ 69 ಬೇಡ.

ಎರಡನೇದು, ಸ್ಪರ್ಧೆ. ಅಕ್ಸಲರೇಷನ್ ಇವೆಂಟಿನಲ್ಲಿ ಅಂಕ ಹೋಗುತ್ತೆ ಅಂತ ಕ್ಯಾಪ್ಟನ್ ಗೋಳು. ಹೋಗುತ್ತೆ, ಒಪ್ಪಿದ್ವಿ. ಆದರೆ ಬಾಹಾ ಸ್ಪರ್ಧೆ 1976ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾದಾಗಿಂದಲೂ, 2007ರಲ್ಲಿ ಪೀಥಂಪುರಕ್ಕೆ ಬಂದ ಮೇಲೂ ಅದರ ಜೀವ ಇರೋದು ನಾಲ್ಕು ತಾಸಿನ ಎಂಡ್ಯೂರೆನ್ಸ್ ರೇಸಿನಲ್ಲಿ. ಅದಕ್ಕಿರೋ ಅಂಕ ಅಕ್ಸಲರೇಷನ್ನಿಗಿಂತ ಎಷ್ಟೋ ಪಟ್ಟು. ಗುಂಡಿ, ದಿಬ್ಬ, ಕಲ್ಲು, ತಿರುವು ಇರೋ ಆ ಟ್ರ್ಯಾಕಿನಲ್ಲಿ ಪೂರ್ತಿ ಸ್ಪೀಡ್ ಹಿಡಿಯೋ ಸೀದಾ ದಾರಿ ಸಿಗೋದೇ ಅಪರೂಪ. ನಮ್ಮ ಸೀನಿಯರ್ಸ್ ಗಾಡಿ ಯಾಕೆ ಅರ್ಧಕ್ಕೆ ನಿಂತಿತು ಅಂತ ಅವರನ್ನೇ ಕೇಳಿ. ಸ್ಪೀಡ್ ಸಾಲದೆ ಅಲ್ಲ, ಬೆಲ್ಟ್ ಸುಟ್ಟು.

ಮೂರನೇ ಆಕ್ಷೇಪ ನಮಗೇ ಚುಚ್ಚಿದ್ದು. "ಹೊಲಕ್ಕೆ ಅಷ್ಟು ಉಪಯೋಗ ಆಗೋದಾದ್ರೆ ಊರಿನವರು ಒಂದು ಎಟಿವಿನೇ ತಗೋಬೋದಲ್ಲ?" ತಗೋಬೋದು, ದುಡ್ಡಿದ್ದರೆ. ಆ ದುಡ್ಡಿಗೆ ಟ್ರ್ಯಾಕ್ಟರ್ ಬರುತ್ತೆ, ಟ್ರ್ಯಾಕ್ಟರ್ ಉಳುತ್ತೆ, ಬಿತ್ತುತ್ತೆ, ರಾಶಿ ಮಾಡುತ್ತೆ, ಮದುವೆ ದಿಬ್ಬಣಕ್ಕೂ ಹೋಗುತ್ತೆ. ಇಲ್ಲಿ ಎಟಿವಿಗಳಲ್ಲಿ ಹೆಚ್ಚಿನವಕ್ಕೆ ರಸ್ತೆಗೆ ಇಳಿಯೋಕೆ ನೋಂದಣಿಯೇ ಆಗೋದಿಲ್ಲ. ಪೊಲಾರಿಸ್‌ನವರು ಅದಕ್ಕೇ ಸ್ಪೋರ್ಟ್ಸ್‌ಮನ್ 570ರ ಒಂದು ಮಾದರಿಯನ್ನ ಟ್ರ್ಯಾಕ್ಟರ್ ಅಂತಲೇ ನೋಂದಣಿಗೆ ತಂದರು. ಆ ಸುದ್ದಿ ಹೇಳಿದಾಗ ಕಾಕಾ, "ಹಂಗಾದ್ರ ನೇಗಿಲ ಕಟ್ಟಲಕ್ಕ ಬರ್ತದೇನು?" ಅಂದರು. ಸುಮ್ಮನಾದ್ವಿ. ಅದಕ್ಕೇ ನಮ್ಮ ಹಟ, ಈ ಕೆಲಸ ಲಕ್ಷಗಟ್ಟಲೆ ಗಾಡಿಯಿಂದ ಆಗೋದಿಲ್ಲ, ಹತ್ತು ಎಚ್‌ಪಿ, ಅಗಲ ಟೈರು, ಕೆಳಗಿನ ಗೇರು, ವೆಲ್ಡಿಂಗ್ ಅಂಗಡಿಯಲ್ಲಿ ರಿಪೇರಿ ಆಗೋ ಚಾಸಿಸ್‌ನಿಂದ ಆದೀತು. ಅಂಥದನ್ನ ಕಟ್ಟೋಕೆ ಬೇಕಾದ್ದೆಲ್ಲ ನಮ್ಮ ಶೆಡ್ಡಿನಲ್ಲೇ ಬಿದ್ದಿದೆ. ಊರಿಗೆ ಒಂದು, ಪಂಚಾಯಿತಿ ಕಟ್ಟೆ ಹತ್ತಿರ ನಿಂತಿದ್ದರೆ ಸಾಕು.

ಅಪಾಯದ ಮಾತೂ ಹೇಳಿಬಿಡ್ತೀವಿ, ಆಮೇಲೆ ನಮ್ಮ ಮೇಲೆ ಬರಬಾರದು. ಅಮೆರಿಕದಲ್ಲಿ ಮೂರು ಚಕ್ರದ ಎಟಿವಿಗಳು ಉರುಳಿ ಬಿದ್ದು ಎಷ್ಟು ಅನಾಹುತ ಆಯ್ತಂದ್ರೆ 1988ರಲ್ಲಿ ಕಂಪನಿಗಳೇ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಹೊಸದಾಗಿ ಮಾರೋದನ್ನ ನಿಲ್ಲಿಸಿದವು. ನಾಲ್ಕು ಚಕ್ರದವೂ ಸಾಧುಗಳಲ್ಲ. ಗುರುತ್ವ ಕೇಂದ್ರ ಮೇಲೆ, ಗಾಲಿಗಳ ನಡುವಿನ ಅಗಲ ಕಮ್ಮಿ, ಟೈರು ಮೆತ್ತಗೆ. ಡಾಂಬರಿನ ಮೇಲೆ ಜೋರಾಗಿ ತಿರುಗಿಸಿದರೆ ಮಗುಚೋದು ಸುಲಭ. ಹೆಚ್ಚಿನವು ಒಬ್ಬರಿಗೆ ಮಾತ್ರ. ನಮ್ಮ ಕಡೆ ಟಂಟಂನಲ್ಲಿ ಹದಿನೈದು ಜನ ಕೂರೋದು ನೋಡಿದವರಿಗೆ ಇದು ಅರ್ಥ ಆಗೋದು ಕಷ್ಟ. ಹಾಗಾಗಿ ರೋಗಿಯನ್ನ ಸವಾರನ ಹಿಂದೆ ಕೂರಿಸೋದು ಬೇಡ, ತಗ್ಗಾದ ಒಂದು ಸಣ್ಣ ಟ್ರಾಲಿ ಹಿಂದೆ ಕಟ್ಟೋಣ ಅನ್ನೋದು ನಮ್ಮ ಯೋಚನೆ. ಆಗ ಎಳೆಯೋ ಬಲ ಇನ್ನೂ ಜಾಸ್ತಿ ಬೇಕು. ಮತ್ತೆ 10.5ಕ್ಕೇ ಬಂದು ನಿಂತ್ವಿ, ನೋಡಿ.

ಇನ್ನೊಂದು. ಕ್ಯಾಪ್ಟನ್ ಟೆಸ್ಟಿಂಗಿಗೆ ಚಂದ್ರಂಪಳ್ಳಿ ಕಡೆ ಕಾಡಿಗೆ ಹೋಗೋಣ, ಒಳ್ಳೆ ರೀಲ್ಸ್ ಬರ್ತವೆ ಅಂತ ಹೇಳಿದ್ದಾನೆ. ಅದು 2011ರಿಂದ ವನ್ಯಜೀವಿ ಧಾಮ, ಸುಮಾರು 134 ಚದರ ಕಿಲೋಮೀಟರ್. ಬಯಲುಸೀಮೆಯ ನಡುವೆ ಹಾಗೆ ಉಳಿದಿರೋ ಕಾಡು ನಮ್ಮ ಕಡೆ ಇನ್ನೆಷ್ಟಿದೆ? ಅಲ್ಲಿಗೆ ಸೈಲೆನ್ಸರ್ ಬಿಚ್ಚಿದ ಗಾಡಿ ಒಯ್ಯೋ ಮಾತಿಗೆ ನಮ್ಮ ನಾಲ್ಕು ವೋಟೂ ಇಲ್ಲ.

ಟೆಸ್ಟಿಂಗಿಗೆ ಜಾಗ ನಾವು ಕೇಳಿ ಬಂದಿದ್ದೀವಿ. ಕಾಲೇಜಿನ ಪಾರ್ಕಿಂಗ್ ಲಾಟಿನಲ್ಲಿ ಕೋನ್ ಇಟ್ಟು ಸುತ್ತೋದು ಸಾಕು. ಗುರುವಾರ ಸಂಜೆ ಐದಕ್ಕೆ ಶೆಡ್ಡಿನಲ್ಲಿ ವೋಟಿಂಗ್ ಇದೆ, ತಂಡದಲ್ಲಿ ಇಲ್ಲದವರೂ ಬಂದು ಮಾತಾಡಬಹುದು ಅಂತ ಕ್ಯಾಪ್ಟನ್ ಒಪ್ಪಿದ್ದಾನೆ. ಲೆಕ್ಕ ತಪ್ಪು ಅನ್ನಿಸಿದರೆ ಹಾಳೆ ಪೆನ್ನು ತಗೊಂಡೇ ಬನ್ನಿ, 35 ಪರ್ಸೆಂಟ್ ಅನ್ನೋ ಅಂದಾಜಿನ ಮೇಲೆ ಜಗಳ ಆಡೋಕೆ ಸಿವಿಲ್‌ನವಳು ಕಾಯ್ತಿದ್ದಾಳೆ. ಗಾಡಿ ತಯಾರಾದ ಮೇಲೆ, ಮಳೆ ಬಿದ್ದ ಮೂರನೇ ದಿನ, ಚಿಮ್ಮನಚೋಡ. ಬೇಕಾದ್ರೆ ಎರಡೂ ಬಣದವರು ಸ್ಟಾಪ್‌ವಾಚ್ ಹಿಡಿದು ಬನ್ನಿ, ಹೊಲದಿಂದ ಡಾಂಬರಿನವರೆಗೆ ಎರಡು ಚೀಲ ಹೇರಿ ಓಡಿಸೋಣ, ಪಕ್ಕದಲ್ಲಿ ಎತ್ತಿನ ಬಂಡಿಯೂ ಇರುತ್ತೆ. ಕಾಕಾ ಹೂಂ ಅಂದಿದ್ದಾರೆ. ಒಂದೇ ಷರತ್ತು ಹಾಕಿದ್ದಾರೆ: "ಬದುವಿನ ಮ್ಯಾಲಿಂದ ಬರ್ರಿ. ಬಿತ್ತಿದ ಹೊಲದಾಗ ಗಾಲಿ ಇಟ್ರ ಮಾತ್ರ, ನಿಮ್ ಗಾಡಿ ವಾಪಸ್ ಹೋಗಂಗಿಲ್ಲ."